ಹುಡುಗರನ್ನು ಬೀಗದೊಳಗೆ ಇಡುವುದು ಕೊನೆಯ ದಾರಿ ಅನ್ನುತ್ತದೆ ಕಾನೂನು. ಮೈಸೂರು, ಮಂಡ್ಯದಲ್ಲಿ ಮೊದಲ ದಾರಿಗಳನ್ನು ಯಾರು ಹಾಕಬೇಕು?

ಅಗ್ರಹಾರದವಳು

ನಾನು ಮೈಸೂರಿನಲ್ಲಿ ಅರೆಕಾನೂನು ಸ್ವಯಂಸೇವಕಿ. ತಪ್ಪು ಮಾಡಿದ ಆರೋಪ ಇರುವ ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿ ಮುಂದೆ ಬರುವ ಮಕ್ಕಳ ಮನೆಯವರ ಜೊತೆ ಕೂತು ಮಾತಾಡೋದು, ಅರ್ಜಿ ಬರೆದುಕೊಡೋದು, ಮುಂದಿನ ತಾರೀಖು ನೆನಪಿಸೋದು, ಇಷ್ಟು ನನ್ನ ಕೆಲಸ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇಲ್ಲಿ ಹಾಕುತ್ತಿದ್ದೇನೆ. ಒಪ್ಪದವರೂ ಬರೆಯಿರಿ.

ಕೇಸು ಮುಗಿಯೋವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿರುವ ಹುಡುಗರೆಲ್ಲ ಕೊಲೆ, ಅತ್ಯಾಚಾರ ಮಾಡಿದವರು ಅಂತ ಹೊರಗಿನವರು ತಿಳಿದಿದ್ದಾರೆ. ನಾನು ಕಂಡ ಮಟ್ಟಿಗೆ ಹಾಗಿಲ್ಲ. ಮೊಬೈಲ್ ಕದ್ದವನು, ಜಾತ್ರೆಯಲ್ಲಿ ಹೊಡೆದಾಡಿದವನು, ದೊಡ್ಡವರು ಓಡಿಸುತ್ತಿದ್ದ ಬೈಕಿನ ಹಿಂದೆ ಕೂತಿದ್ದವನು, ಇವರೂ ಅಲ್ಲಿರುತ್ತಾರೆ. ಎಷ್ಟೋ ಸಲ ಅವರು ಅಲ್ಲೇ ಉಳಿಯೋದು ತಪ್ಪು ದೊಡ್ಡದು ಅಂತ ಅಲ್ಲ, ಕರೆದುಕೊಂಡು ಹೋಗೋಕೆ ಯಾರೂ ಬರಲಿಲ್ಲ ಅಂತ. ಅಪ್ಪ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿರುತ್ತಾನೆ. ಅಮ್ಮನಿಗೆ ಕೂಲಿ ಬಿಟ್ಟು ಬರೋದು ಕಷ್ಟ. ಬಂದರೂ ಜಾಮೀನು ಹಾಕೋಕೆ ಪಹಣಿ ಇರುವವರು ಬೇಕು ಅಂತ ಯಾರೋ ಹೆದರಿಸಿರುತ್ತಾರೆ, ಅಲ್ಲಿಗೆ ಆಕೆ ಕೈಚೆಲ್ಲಿ ಊರಿಗೆ ಹೊರಟುಹೋಗುತ್ತಾಳೆ.

2015ರ ಬಾಲನ್ಯಾಯ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಹಾಗೆ ಬರೆದಿಲ್ಲ. ಜಾಮೀನು ಸಿಗುವ ಅಪರಾಧ ಇರಲಿ, ಸಿಗದ್ದು ಇರಲಿ, ಶ್ಯೂರಿಟಿ ತಗೊಂಡೋ ತಗೊಳ್ಳದೆಯೋ ಮಗುವನ್ನು ಬಿಡಬೇಕು. ಅಥವಾ ಪ್ರೊಬೇಷನ್ ಅಧಿಕಾರಿಯ (ಹುಡುಗನ ಹಿನ್ನೆಲೆ ವಿಚಾರಿಸಿ ಅವನ ಮೇಲೆ ಕಣ್ಣಿಡುವ ಅಧಿಕಾರಿ) ಮೇಲ್ವಿಚಾರಣೆಗೋ, ‘ಯೋಗ್ಯ ವ್ಯಕ್ತಿ’ಯ (ಮಗುವಿನ ಹೊಣೆ ಹೊರಲು ಮಾನ್ಯತೆ ಪಡೆದ ದೊಡ್ಡವರು) ವಶಕ್ಕೋ ಕೊಡಬೇಕು. ಬಿಡಲ್ಲ ಅನ್ನೋಕೆ ಮೂರೇ ಕಾರಣ: ಹೊರಗೆ ಹೋದರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಇದೆ, ಇಲ್ಲವೇ ನ್ಯಾಯದ ಉದ್ದೇಶವೇ ಕೆಡುತ್ತದೆ. ಅದನ್ನೂ ಮಂಡಳಿ ಕಾರಣ ಸಮೇತ ಬರೆದಿಡಬೇಕು. ಜಾಮೀನು ಆದೇಶ ಆದ ಮೇಲೂ ಹಾಕಿದ ಷರತ್ತು ಪೂರೈಸೋಕೆ ಆಗದೆ ಏಳು ದಿನ ಒಳಗೇ ಉಳಿದರೆ, ಷರತ್ತು ಸಡಿಲ ಮಾಡೋಕೆ ಮತ್ತೆ ಮಂಡಳಿ ಮುಂದೆ ತರಬೇಕು. ಈ ಏಳು ದಿನದ ಮಾತು ಎಷ್ಟು ತಾಯಂದಿರಿಗೆ ಗೊತ್ತಿದೆ? ನಾನು ಮಾತಾಡಿಸಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಕಾನೂನು ಬದಲಾಗಬೇಕೇ ಅಂತಲ್ಲ. ಬಾಗಿಲ ಹೊರಗೆ ‘ಇವನ ಹೊಣೆ ನನ್ನದು’ ಅಂತ ನಿಲ್ಲುವ ದೊಡ್ಡವರನ್ನು ನಮ್ಮ ಎರಡು ಜಿಲ್ಲೆಯಲ್ಲಿ ಎಲ್ಲಿಂದ ತರೋದು ಅಂತ.

ಅಂಗಡಿ ಸಾಲು

ಮೇಡಂ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದರೆ ನಮ್ಮ ಕಡೆಯದೂ ಕೇಳಿ. ನಮ್ಮ ಸಾಲಿನ ಅಂಗಡಿಗಳ ಷಟರ್ ಮುರಿದವರಲ್ಲಿ ಮೀಸೆ ಮೂಡದ ಹುಡುಗನೂ ಇದ್ದ. ಸಿಸಿಟಿವಿಯಲ್ಲಿ ಮುಖ ಕಂಡಿತ್ತು. ಸ್ವಲ್ಪ ದಿನಕ್ಕೇ ಅದೇ ಬೀದಿಲಿ ಓಡಾಡ್ತಿದ್ದ. ನನ್ನ ಹೆಂಡತಿ ಸಂಜೆ ಮೇಲೆ ಗಲ್ಲಾದಲ್ಲಿ ಕೂರೋಕೆ ಹೆದರ್ತಾಳೆ. ಕೇಸು ಏನಾಯ್ತು, ಅವನನ್ನ ಯಾಕೆ ಬಿಟ್ಟರು, ನಮಗೆ ಯಾರೂ ಬಂದು ಒಂದು ಮಾತು ಹೇಳಲಿಲ್ಲ.

ಇನ್ನೊಂದು. ದೊಡ್ಡ ಕಳ್ಳರು ಈ ಹುಡುಗರನ್ನ ಬೇಕಂತಲೇ ಮುಂದೆ ಬಿಡ್ತಾರೆ. ‘ನಿಂಗೇನೂ ಆಗಲ್ಲ ಕಣೋ, ನೀನಿನ್ನೂ ಮೈನರು’ ಅಂತ ಕಿವಿಗೆ ಊದಿರ್ತಾರೆ. ಬೀಗ ಸಡಿಲ ಮಾಡಿದಷ್ಟೂ ಅವರಿಗೇ ಅನುಕೂಲ ಅಲ್ವಾ?

ಅಗ್ರಹಾರದವಳು

ನಿಮ್ಮ ಮೊದಲನೇ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ನಷ್ಟ ಆದವರಿಗೆ ಯಾರೂ ವಿಷಯ ಮುಟ್ಟಿಸುವುದಿಲ್ಲ, ಆ ಸಿಟ್ಟು ಕೊನೆಗೆ ಹುಡುಗರ ಮೇಲೇ ತಿರುಗುತ್ತದೆ. ಎರಡನೆಯದಕ್ಕೆ: ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿಕೊಳ್ಳುವ ದೊಡ್ಡವರಿಗೆ ಇದೇ ಕಾಯ್ದೆಯ 83ನೇ ಸೆಕ್ಷನ್‌ನಲ್ಲಿ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿ ದಂಡ ಇದೆ. ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ 77ನೇ ಸೆಕ್ಷನ್ ಬೇರೆ ಇದೆ. ಹುಡುಗ ಸಿಕ್ಕಿಬಿದ್ದಾಗ ಅವನ ಹಿಂದೆ ಯಾರಿದ್ದರು ಅಂತ ಕೇಳೋ ಕೆಲಸ ನಡೆದರೆ ನಿಮ್ಮ ಬೀದಿಗೆ ಜಾಸ್ತಿ ರಕ್ಷಣೆ.

ನಿವೃತ್ತ ಖಾಕಿ

ಸ್ಟೇಷನ್ನಿನಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಂದು ಜವಾಬ್ದಾರಿ ಇರುತ್ತದೆ, ಎಎಸ್‌ಐ ದರ್ಜೆಗಿಂತ ಕಡಿಮೆ ಇರಬಾರದು. ನಾನು ಅದನ್ನು ನಿಭಾಯಿಸಿದ್ದೇನೆ. ಆದ್ದರಿಂದ ಒಳಗಿನ ಮಾತು ಹೇಳುತ್ತೇನೆ.

ನಿಯಮ ಚೆನ್ನಾಗಿಯೇ ಇದೆ. ಹುಡುಗನನ್ನು ಹಿಡಿದರೆ ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ಇಲ್ಲ, ನಾವು ಯೂನಿಫಾರ್ಮಿನಲ್ಲಿ ಇರಬಾರದು, 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರು ಮಾಡಬೇಕು. 2016ರ ಮಾದರಿ ನಿಯಮ ಇನ್ನೂ ಮುಂದೆ ಹೋಗುತ್ತದೆ: ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಬೇಡ, ಸ್ಟೇಷನ್ ಡೈರಿಯಲ್ಲಿ ಬರೆದುಕೊಂಡು, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿ ಮಾಡಿ ಮಂಡಳಿಗೆ ಕಳಿಸಿ, ಯಾವತ್ತು ಬರಬೇಕು ಅಂತ ಅಪ್ಪ ಅಮ್ಮನಿಗೆ ತಿಳಿಸಿ ಅಷ್ಟೇ. ಅಂದರೆ ಸಣ್ಣ ಕೇಸಿನಲ್ಲಿ ಹಿಡಿದುಕೊಂಡು ಹೋಗುವ ಅಗತ್ಯವೇ ಇಲ್ಲ.

ಹಾಗಿದ್ದರೂ ಯಾಕೆ ಹಿಡಿದುಕೊಂಡು ಹೋಗುತ್ತಾರೆ? ದೂರು ಕೊಟ್ಟವರು ಸ್ಟೇಷನ್ ಮುಂದೆ ನಿಂತಿರುತ್ತಾರೆ, ಜೊತೆಗೆ ಊರಿನ ಪುಢಾರಿ. ಹುಡುಗನನ್ನು ಮನೆಗೆ ಕಳಿಸಿದರೆ ‘ದುಡ್ಡು ತಿಂದು ಬಿಟ್ಟ’ ಅಂತಾರೆ. ನಾಳೆ ಅವನೇ ಇನ್ನೊಂದು ಕಡೆ ಕೈಹಾಕಿದರೆ ಬಿಟ್ಟ ಅಧಿಕಾರಿಯ ಹೆಸರು ಎತ್ತಿ ಕೇಳುತ್ತಾರೆ. ವೀಕ್ಷಣಾಲಯಕ್ಕೆ ಕಳಿಸಿದ್ದಕ್ಕೆ ಮಾತ್ರ ಯಾವತ್ತೂ ಯಾರೂ ನಮ್ಮನ್ನು ಪ್ರಶ್ನೆ ಮಾಡಿದ್ದಿಲ್ಲ. ಬೀಗ ಹಾಕಿದರೆ ಅಧಿಕಾರಿಗೆ ನೆಮ್ಮದಿ, ಅದಕ್ಕೇ ಅದು ಸುಲಭದ ದಾರಿ ಆಗಿಬಿಟ್ಟಿದೆ. ಊರಿನವರು, ವ್ಯಾಪಾರಿಗಳ ಸಂಘದವರು ಬಂದು ‘ಸರ್, ಈ ಹುಡುಗನ ಮೇಲೆ ನಾವು ಕಣ್ಣಿಟ್ಟಿರ್ತೀವಿ’ ಅಂತ ಒಂದು ಸಲ ಹೇಳಿದರೆ ಅಧಿಕಾರಿಗೆ ಧೈರ್ಯ ಬರುತ್ತದೆ. ನನ್ನ ಸರ್ವಿಸಿನಲ್ಲಿ ಹಾಗೆ ಬಂದವರು ತೀರಾ ಅಪರೂಪ. ಬಂದಲ್ಲೆಲ್ಲ ಕೆಲಸ ಆಗಿದೆ.

ಕಬ್ಬಿನ ಗದ್ದೆ

ನಾನು ಮಂಡ್ಯ ಕಡೆಯೋನು. ಬರೀಬೇಕೋ ಬ್ಯಾಡ್ವೋ ಅಂತ ಯೋಚ್ನೆ ಮಾಡಿ ಬರೀತಿವ್ನಿ. ಹೆಸ್ರು ಊರು ಕೇಳ್ಬ್ಯಾಡಿ.

ನಮ್ಮಕ್ಕನ ಮಗ. ಹತ್ತನೇ ಕ್ಲಾಸು. ಅವರಪ್ಪ ತೀರ್ಕೊಂಡ ಮ್ಯಾಲೆ ಹುಡ್ಗ ಒಸಿ ದಾರಿ ತಪ್ದ, ಇಲ್ಲ ಅನ್ನಕಿಲ್ಲ. ಬಸ್ ಸ್ಟ್ಯಾಂಡಲ್ಲಿ ಒಂದು ಮೊಬೈಲ್ ಎತ್ಕೊಂಡ, ಜೊತೇಲಿ ಇನ್ನಿಬ್ರು. ಅವನನ್ನ ಬ್ಯಾರೆ ಜಿಲ್ಲೆ ವೀಕ್ಷಣಾಲಯಕ್ಕೆ ಕಳುಸಿದ್ರು. ಅಕ್ಕಂಗೆ ವಿಷ್ಯ ಗೊತ್ತಾಗಿ, ನನಗೆ ಫೋನ್ ಮಾಡಿ, ನಾನು ಕಟಾವು ಬುಟ್ಟು ಹೋಗಿ ನೋಡಾ ಹೊತ್ಗೆ ವಾರ ಕಳುದಿತ್ತು. ಬಸ್ಸು ಬದಲಾಯಿಸ್ಕೊಂಡು ಹೋಗಿ, ಗೇಟಲ್ಲಿ ಕೂತು, ಇವತ್ತು ನೋಡಕ್ಕಾಗಕಿಲ್ಲ ಅಂದ್ರೆ ವಾಪಸ್ ಬರಾದು. ಮೂರೇ ಕಾರಣ, ಏಳು ದಿನ ಅಂತ ಮೇಡಮ್ನೋರು ಬರ್ದವ್ರಲ್ಲ, ಆವತ್ತು ನಮಗೆ ಯಾರಾದ್ರೂ ಅದುನ್ನ ಹೇಳಿದ್ರೆ ಅಕ್ಕನ ಒಡವೆ ಅಡ ಇಡೋ ಗತಿ ಬರ್ತಿರ್ಲಿಲ್ಲ.

ಒಳಗೆ ಊಟ ಕೊಟ್ರು, ಹೊಡೀಲಿಲ್ಲ. ಆ ವಿಚಾರ್ದಲ್ಲಿ ಸುಳ್ಳು ಹೇಳ್ಬಾರ್ದು. ಆದ್ರೆ ಅಷ್ಟ್ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹೋಯ್ತು. ಮತ್ತೆ ಅಲ್ಲಿ ಅವನಿಗಿಂತ ದೊಡ್ಡ ದೊಡ್ಡ ಕೇಸಲ್ಲಿ ಬಂದಿದ್ದ ಹುಡುಗ್ರ ಗೆಳೆತನ ಆಯ್ತು. ಈಚೆ ಬಂದ ಮ್ಯಾಲೆ ರಾತ್ರಿ ಹೊತ್ತು ಅವರ ಫೋನು. ‘ಬಾ ಮಗಾ, ಒಂದು ಕೆಲ್ಸ ಅದೆ.’ ಮೊಬೈಲ್ ಕದ್ದೋನು ಹೊಸ ಪಾಠ ಕಲ್ತು ಬಂದಂಗಾಯ್ತು. ಸಹವಾಸ ಕೆಡ್ತದೆ ಅಂತ ಒಳಗಿಡ್ತೀವಿ ಅಂತಾರೆ, ಸಹವಾಸ ಕೆಟ್ಟಿದ್ದೇ ಅಲ್ಲಿ.

ಅವನನ್ನ ಉಳಿಸಿದ್ದು ನಮ್ಮೂರ ಆಲೆಮನೆ ಯಜಮಾನ್ರು. ಬೆಲ್ಲದ ಲೆಕ್ಕ ಬರ್ಕೊಳಕ್ಕೆ ಕೂರುಸ್ಕೊಂಡ್ರು, ಕೊಪ್ಪರಿಗೆ ಹತ್ರ ಬುಡ್ಲಿಲ್ಲ. ಸಂಜೆ ಆದ್ರೆ ‘ಎಲ್ಲೋಗ್ತಿಯಾ, ಯಾರ್ ಜೊತೆ’ ಅಂತ ಕೇಳೋರು. ಬಯ್ಯೋರು, ಊಟ ಹಾಕೋರು. ಅಕ್ಕನ ಮಾತು ಕೇಳ್ದೋನು ಅವರ ಮಾತು ಕೇಳ್ದ. ಈಗ ಐಟಿಐ ಮುಗುಸಿ ಕೆಲ್ಸದಲ್ಲವ್ನೆ. ಆ ಯಜಮಾನ್ರು ಮೊದ್ಲನೇ ದಿನವೇ ಇದ್ದಿದ್ರೆ ವೀಕ್ಷಣಾಲಯದ ಮುಖಾನೇ ನೋಡ್ತಿರ್ಲಿಲ್ಲ ಹುಡ್ಗ.

ಹೈಸ್ಕೂಲ್ ಮೇಷ್ಟ್ರು

ಕಬ್ಬಿನ ಗದ್ದೆ ಅಣ್ಣಾವ್ರೇ, ನೀವು ಬರೆದದ್ದು ಒಳ್ಳೆಯದಾಯಿತು.

ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಬ್ಬ ಹುಡುಗ ದಿಢೀರ್ ಅಂತ ಪೊಲೀಸರ ಕೈಗೆ ಸಿಗುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಖಾಲಿ ಬೀಳಲು ಶುರುವಾಗಿರುತ್ತದೆ. ಎಂಟನೇ ತರಗತಿಗೆ ಬಂದರೂ ಓದಲು ಬರುವುದಿಲ್ಲ, ಅದನ್ನು ಮುಚ್ಚಿಡಲು ಹಿಂದಿನ ಬೆಂಚಿನಲ್ಲಿ ಗಲಾಟೆ, ಗಲಾಟೆಗೆ ಹೊರಗೆ ನಿಲ್ಲಿಸುವುದು, ಹೊರಗೆ ನಿಂತವನು ಗೇಟು ದಾಟುವುದು. ಇಂಥ ಕೆಲವರಿಗೆ ಕಲಿಕಾ ನ್ಯೂನತೆ ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಅದರ ತಪಾಸಣೆ ಮಾಡುತ್ತಾರೆ. ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ತಂದೆತಾಯಿಗೆ ಹೇಳುವವರು ನಾವೇ ಆಗಬೇಕು.

ವಾಪಸ್ ಬಂದ ಮೇಲಿನದು ಇನ್ನೂ ಕಷ್ಟ. ಟಿಸಿ ಕೊಟ್ಟು ಕಳಿಸಿಬಿಡಿ, ಬೇರೆ ಮಕ್ಕಳು ಕೆಡುತ್ತಾರೆ ಅಂತ ಪೋಷಕರು ಗುಂಪಾಗಿ ಬರುತ್ತಾರೆ. ಹುಡುಗನ ಹೆಸರು, ಶಾಲೆ, ಫೋಟೊ ಹೊರಗೆ ಹಾಕುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ, 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಅದೇ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅಷ್ಟರಲ್ಲಿ ಅವನ ಫೋಟೊ ಓಡಾಡಿಯೂ ಆಗಿರುತ್ತದೆ. ಶಾಲೆಯ ಬಾಗಿಲು ಮುಚ್ಚಿದರೆ ಹಗಲಿನ ಎಂಟು ಗಂಟೆ ಅವನು ಎಲ್ಲಿರಬೇಕು? ನಮ್ಮ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೂತು ಜಗಳ ಆಡಿಯೇ ಒಬ್ಬನನ್ನು ಉಳಿಸಿಕೊಂಡೆವು.

ಕರಿಕೋಟು

ವಕೀಲನಾಗಿ ಒಂದೆರಡು ಸೇರಿಸುತ್ತೇನೆ. ಗರಿಷ್ಠ 3 ವರ್ಷದವರೆಗೆ ಶಿಕ್ಷೆ ಇರುವುದು ಈ ಕಾಯ್ದೆಯಲ್ಲಿ ಸಣ್ಣ ಅಪರಾಧ. ಬಸ್ ನಿಲ್ದಾಣದಲ್ಲಿ ಮೊಬೈಲ್ ಕದ್ದದ್ದು ಅದರಲ್ಲಿ ಬರುತ್ತದೆ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಅಷ್ಟರಲ್ಲೂ ಮುಗಿಯದಿದ್ದರೆ ಸಣ್ಣ ಅಪರಾಧದ ಕೇಸು ಅಲ್ಲಿಗೆ ಮುಕ್ತಾಯ. ತಾರೀಖಿನ ಮೇಲೆ ತಾರೀಖು ಬಿದ್ದರೆ ಇದನ್ನು ಎತ್ತಿ ಹೇಳಬೇಕಾದವರು ನಾವು ವಕೀಲರು, ಹೇಳದವರೂ ಇದ್ದಾರೆ.

ತಪ್ಪು ಸಾಬೀತಾದ ಮೇಲೂ ವಿಶೇಷ ಗೃಹ (ತಪ್ಪು ಸಾಬೀತಾದ ಮಕ್ಕಳನ್ನು ಇಡುವ ಜಾಗ) ಒಂದೇ ದಾರಿಯಲ್ಲ. 18ನೇ ಸೆಕ್ಷನ್ ತೆರೆದು ನೋಡಿ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಗುಂಪು ಆಪ್ತಸಮಾಲೋಚನೆಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಹಾಕಬಹುದು, 3 ವರ್ಷದವರೆಗೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ತಂದೆತಾಯಿ ಅಥವಾ ಯೋಗ್ಯ ವ್ಯಕ್ತಿಯ ಕೈಗೆ ಕೊಡಬಹುದು. ವಿಶೇಷ ಗೃಹ ಬರುವುದು ಇವೆಲ್ಲದರ ನಂತರ. ಸಮುದಾಯ ಸೇವೆ ಅಂತ ಆದೇಶ ಆದರೂ ಅದನ್ನು ಎಲ್ಲಿ ಮಾಡಿಸಬೇಕು, ಯಾರು ನೋಡಿಕೊಳ್ಳಬೇಕು ಅನ್ನುವ ಏರ್ಪಾಟು ಇಲ್ಲದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಅಂಗಡಿ ಸಾಲು ಅವರಿಗೆ ಒಂದು ಮಾತು. 16ರಿಂದ 18ರೊಳಗಿನವನು ಘೋರ ಅಪರಾಧ ಮಾಡಿದ್ದರೆ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚಿದ್ದರೆ, ದೊಡ್ಡವರಂತೆ ವಿಚಾರಣೆ ನಡೆಸಲು ಅವನನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಅಂತ 15ನೇ ಸೆಕ್ಷನ್‌ನಲ್ಲಿ ಪ್ರಾಥಮಿಕ ಮೌಲ್ಯಮಾಪನ ಇದೆ. ನಾವಿಲ್ಲಿ ಮಾತಾಡುತ್ತಿರುವುದು ಆ ಕೆಲವರ ಬಗ್ಗೆ ಅಲ್ಲ. ಕೆಲವರಿಗೆ ಸ್ವಲ್ಪ ಕಾಲ ಮುಚ್ಚಿದ ಬಾಗಿಲು ಬೇಕಾಗಬಹುದು, ನಾನು ಒಪ್ಪುತ್ತೇನೆ. ಅವರ ಸಲುವಾಗಿ ಕಟ್ಟಿದ ಜಾಗದಲ್ಲಿ ಮೊಬೈಲ್ ಕದ್ದವನನ್ನು ತಂದು ಮಲಗಿಸುವುದು ನನಗೆ ಒಪ್ಪಿಗೆ ಇಲ್ಲ.

ದೂರದ ಮೈಸೂರಿಗ

ಸರಸ್ವತಿಪುರದಲ್ಲಿ ಬೆಳೆದವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಬೀಗ ತೆಗೆದರೆ ಊರು ಹಾಳಾಗುತ್ತದೆ ಅನ್ನುವ ಭಯ ಇಲ್ಲಿಯೂ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007-08ರ ಹೊತ್ತಿಗೆ 18 ತುಂಬದ ಸುಮಾರು 3,000 ಮಕ್ಕಳು ಬಂಧನದಲ್ಲಿದ್ದರು. ಹದಿನೈದು ವರ್ಷದಲ್ಲಿ ಅದು 500ರ ಆಸುಪಾಸಿಗೆ ಇಳಿಯಿತು. ಆ ಅವಧಿಯಲ್ಲಿ ಮಕ್ಕಳ ಅಪರಾಧ ಏರಲಿಲ್ಲ, ಇಳಿಯಿತು. ಮುಖ್ಯ ಕಾರಣಗಳಲ್ಲಿ ಒಂದು, ಮೊದಲ ಸಲ ಸಣ್ಣ ತಪ್ಪು ಮಾಡಿದ ಮಕ್ಕಳನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆಯೇ ಬೇರೆ ಕಡೆ ತಿರುಗಿಸಿದ್ದು.

ಆದರೆ ಒಂದು ಎಚ್ಚರಿಕೆ. ಸಂಖ್ಯೆ ಇಳಿದ ಮಾತ್ರಕ್ಕೆ ಒಳಗೆ ಉಳಿದವರ ಪಾಡು ಸುಧಾರಿಸಲಿಲ್ಲ. ತಾವು ಪರಿಶೀಲಿಸಿದ ಮಕ್ಕಳ ಬಂಧನ ಕೇಂದ್ರಗಳಲ್ಲಿ ಸುರಕ್ಷಿತವಾದದ್ದು ಒಂದೂ ಇಲ್ಲ ಅಂತ ಇಲ್ಲಿನ ಜೈಲುಗಳ ಮುಖ್ಯ ಪರಿವೀಕ್ಷಕರು 2017ರಲ್ಲಿ ಬರೆದರು. ಹೊರಗೆ ಬಿಟ್ಟವರ ಮೇಲೆ ಇಡುವಷ್ಟೇ ಕಣ್ಣು ಒಳಗೆ ಉಳಿದವರ ಮೇಲೂ ಇಡಬೇಕು.

ಗಂಗೋತ್ರಿ ಎಂಎಸ್‌ಡಬ್ಲ್ಯೂ

ನಾನು ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿನಿ. ಅಮೆರಿಕದಲ್ಲಿ 1992ರಲ್ಲಿ ಕೇಸಿ ಫೌಂಡೇಷನ್ ಅನ್ನುವ ಸಂಸ್ಥೆ ಕೆಲವು ಕೌಂಟಿಗಳ ಜೊತೆ ಸೇರಿ ಮಕ್ಕಳ ಬಂಧನ ಕಡಿಮೆ ಮಾಡುವ ಕೆಲಸ ಶುರು ಮಾಡಿತು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಷಿಕಾಗೊ ಇರುವ ಕುಕ್ ಕೌಂಟಿಯ ಸಂಜೆ ಕೇಂದ್ರಗಳು. ಕೇಸು ನಡೆಯುತ್ತಿರುವ ಹುಡುಗ ಹಗಲು ಶಾಲೆಗೆ ಹೋಗುತ್ತಾನೆ, ಶಾಲೆ ಬಿಟ್ಟ ಮೇಲೆ ತನ್ನದೇ ಬಡಾವಣೆಯ ಕೇಂದ್ರಕ್ಕೆ ಬರುತ್ತಾನೆ. ಅಲ್ಲಿ ಓದು, ಆಟ, ಊಟ. ರಾತ್ರಿ ಮನೆಗೆ ಬಿಡುತ್ತಾರೆ. ಹುಡುಗರು ಎಡವೋದು ಹೆಚ್ಚಾಗಿ ಶಾಲೆ ಬಿಟ್ಟಾಗಿನಿಂದ ಅಪ್ಪ ಅಮ್ಮ ಕೆಲಸದಿಂದ ಬರೋವರೆಗಿನ ಹೊತ್ತಿನಲ್ಲಿ. ಆ ಹೊತ್ತನ್ನೇ ಹಿಡಿದು ಮಾಡಿದ ಏರ್ಪಾಟು ಅದು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಪ್ರೊಬೇಷನ್ ಅಧಿಕಾರಿ 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಹುಡುಗನ ಮನೆಗೆ ಹೋಗಿ, ನೆರೆಯವರನ್ನು, ಮೇಷ್ಟ್ರನ್ನು ಮಾತಾಡಿಸಿ ಬರೆಯಬೇಕಾದ ವರದಿ. ಅವರ ಮೇಲೆ ಎಷ್ಟು ಕೆಲಸ ಇರುತ್ತದೆ ಅಂತ ಕ್ಷೇತ್ರಕಾರ್ಯದಲ್ಲಿ ಹತ್ತಿರದಿಂದ ನೋಡಿದ್ದೇನೆ. ಆ ವರದಿ ಚೆನ್ನಾಗಿದ್ದರೆ ಹುಡುಗ ಬರೀ ಕೇಸ್ ನಂಬರ್ ಆಗಿ ಉಳಿಯಲ್ಲ, ಯಾರ ಮಗ, ಯಾರ ಮಾತು ಕೇಳುತ್ತಾನೆ, ಎಲ್ಲಿಗೆ ಕಳಿಸಬಹುದು ಅಂತ ಮಂಡಳಿಗೆ ಗೊತ್ತಾಗುತ್ತದೆ. ಪ್ರತಿ ವರ್ಷ ನಮ್ಮಂಥ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಜಾಗ ಹುಡುಕುತ್ತೇವೆ. ಅಧಿಕಾರಿಗಳ ಕೈಕೆಳಗೆ, ಗೌಪ್ಯತೆಯ ಕಟ್ಟುಪಾಡಿನೊಳಗೆ ಈ ಮನೆ ಭೇಟಿಗೆ ನಮ್ಮನ್ನು ಬಳಸಿಕೊಳ್ಳಿ ಅಂತ ವಿಭಾಗದಲ್ಲಿ ಕೇಳುತ್ತೇನೆ.

ಗರಡಿ ಹುಡುಗ

ಸಂಜೆ ಕೇಂದ್ರ ಅಂತ ಓದಿದ ತಕ್ಷಣ ನಮ್ಮ ಗರಡಿ ನೆನಪಾಯ್ತು ಅಕ್ಕ. ಮೈಸೂರಿನಲ್ಲಿ ಹಳೇ ಮೊಹಲ್ಲಾಗಳಲ್ಲಿ ಇವತ್ತಿಗೂ ಗರಡಿಮನೆಗಳಿವೆ, ಕೆಲವು ಕಡೆ ಹುಡುಗರು ಕಡಿಮೆ ಆಗಿ ಮಟ್ಟಿ (ಕುಸ್ತಿ ಆಡೋ ಮಣ್ಣಿನ ಅಂಕಣ) ಒಣಗ್ತಿದೆ. ನಮ್ಮ ಉಸ್ತಾದ್ ನಿಯಮ ಗೊತ್ತಲ್ಲ, ಬೆಳಿಗ್ಗೆ ಐದಕ್ಕೆ ಬರಬೇಕು, ಗಾಂಜಾ ಸಿಗರೇಟು ಮುಟ್ಟಿದ್ರೆ ಮಟ್ಟಿ ಮೇಲೆ ಕಾಲಿಡಂಗಿಲ್ಲ. ದಸರಾ ಕುಸ್ತಿಗೆ ಜೋಡಿ ಕಟ್ಟಿಸ್ತೀನಿ ಅಂತ ಒಂದು ಮಾತು ಹೇಳಿದ್ರೆ ಹುಡುಗ್ರು ವರ್ಷಪೂರ್ತಿ ಮೈ ಬಗ್ಗಿಸ್ತಾರೆ. ಮನೇಲಿ ಯಾರ ಮಾತೂ ಕೇಳದ ಹುಡುಗ್ರು ಉಸ್ತಾದ್ ಮುಂದೆ ಕೈಕಟ್ಟಿ ನಿಲ್ಲೋದನ್ನ ನಾನೇ ಕಂಡಿದ್ದೀನಿ. ಇಂಥ ಇಬ್ಬರು ಮೂವರನ್ನ ನಾವು ನೋಡ್ಕೋಬಹುದು. ಹೊಡೆಯೋದು ಬಡಿಯೋದು ಇರಲ್ಲ, ಅದು ನನ್ನ ಮಾತು. ಸರ್ಕಾರದ ಕಡೆಯಿಂದ ಯಾರನ್ನ ಕೇಳಬೇಕು?

ಅಂಗಡಿ ಸಾಲು

ಎಲ್ಲ ಓದಿದೆ. ಕಬ್ಬಿನ ಗದ್ದೆ ಅಣ್ಣಾವ್ರು ಬರೆದದ್ದು ಮನಸ್ಸಿಗೆ ತಟ್ಟಿತು. ಆದರೂ ನನ್ನ ಷರತ್ತು ಹೇಳ್ತೀನಿ. ಹುಡುಗನನ್ನ ಬಿಡ್ತೀರಾ, ಬಿಡಿ. ಅವನು ನಮ್ಮ ಎದುರು ಒಂದು ಸಲ ಬಂದು ಕೂರಬೇಕು. ನಮ್ಮ ನಷ್ಟ ಏನು, ಹೆಂಡತಿ ಯಾಕೆ ಹೆದರಿದ್ದಾಳೆ ಅಂತ ಅವನಿಗೆ ನಾವೇ ಹೇಳಬೇಕು. ಮುರಿದ ಷಟರಿನ ದುಡ್ಡು ಅವನಿಂದ ಬರಲ್ಲ ಅಂತ ಗೊತ್ತು. ದೊಡ್ಡವರೊಬ್ಬರ ಎದುರಿಗೆ ತಪ್ಪಾಯ್ತು ಅಂತ ಅವನ ಬಾಯಲ್ಲಿ ಬರಬೇಕು. ಇದು ಕಾನೂನಲ್ಲಿ ಆಗುತ್ತಾ?

ಕರಿಕೋಟು

ಹುಡುಗ, ನೀವು ಇಬ್ಬರೂ ಮನಸ್ಸಿನಿಂದ ಒಪ್ಪಿ, ಮಂಡಳಿಯ ತಿಳಿವಿಗೆ ತಂದು, ಆಪ್ತಸಮಾಲೋಚಕರ ಎದುರಿಗೆ ಮಾಡುವುದಾದರೆ ಅಡ್ಡಿ ಬರಬಾರದು. ನ್ಯೂಜಿಲೆಂಡಿನಲ್ಲಿ 1989ರ ಕಾಯ್ದೆಯಿಂದ ಹುಡುಗ, ಅವನ ಮನೆಯವರು, ನಷ್ಟ ಆದವರು ಒಟ್ಟಿಗೆ ಕೂತು ತೀರ್ಮಾನ ಮಾಡುವ ಸಭೆಯೇ ಅಲ್ಲಿನ ವ್ಯವಸ್ಥೆಯ ಮುಖ್ಯ ಭಾಗ. ಬಲವಂತ ಮಾತ್ರ ಎರಡೂ ಕಡೆ ಕೂಡದು. ತಪ್ಪು ಸಾಬೀತಾಗುವ ಮೊದಲು ‘ಒಪ್ಪಿಕೋ’ ಅಂತ ಅವನ ಮೇಲೆ ಒತ್ತಡ ಹಾಕುವಂತೆಯೂ ಆಗಬಾರದು.

ಅಗ್ರಹಾರದವಳು

ಗರಡಿ ಹುಡುಗ, ನಿಮ್ಮ ಪ್ರಶ್ನೆಗೆ ಉತ್ತರ. ಯೋಗ್ಯ ವ್ಯಕ್ತಿ ಅಂತ ಮಾನ್ಯತೆ ಕೊಡೋದು 52ನೇ ಸೆಕ್ಷನ್, ಸಂಸ್ಥೆಗೆ ಕೊಡೋದು 51. ಎರಡನ್ನೂ ಪೂರ್ವಾಪರ ವಿಚಾರಿಸಿ ಮಂಡಳಿಯೇ ಕೊಡುತ್ತದೆ. ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಉಸ್ತಾದರ ಗುರುತಿನ ಚೀಟಿ, ವಿಳಾಸದ ದಾಖಲೆ, ಗರಡಿ ಸಂಘ ನೋಂದಣಿ ಆಗಿದ್ದರೆ ಅದರ ಪ್ರತಿ, ಯಾವ ಹೊತ್ತಿನಲ್ಲಿ ಯಾರು ಜವಾಬ್ದಾರಿ ಇರುತ್ತಾರೆ ಅಂತ ಒಂದು ಹಾಳೆ ಬರೆದುಕೊಂಡು ಹೋಗಿ. ಪೊಲೀಸ್ ಪರಿಶೀಲನೆ ಕೇಳಬಹುದು, ಬೇಸರ ಮಾಡಿಕೊಳ್ಳಬೇಡಿ, ಮಕ್ಕಳನ್ನು ಕೊಡುವಾಗ ಅದು ಇರಲೇಬೇಕು. ಹುಡುಗ ರಾತ್ರಿ ಮನೆಯಲ್ಲೇ ಮಲಗೋದು, ನಿಮ್ಮಲ್ಲಿ ಬೆಳಿಗ್ಗೆ ಸಂಜೆ ಮಾತ್ರ ಅಂತ ಸ್ಪಷ್ಟವಾಗಿ ಬರೆಯಿರಿ.

ಮನೆಯ ಹುಡುಗ ಈಗಾಗಲೇ ಒಳಗಿರುವವರಿಗೆ: ಮಕ್ಕಳಿಗೆ ಆದಾಯದ ಲೆಕ್ಕವಿಲ್ಲದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನೇರ ಹೋಗಿ. ಯಾವ ಒಡವೆಯನ್ನೂ ಅಡ ಇಡಬೇಡಿ. ಜಾಮೀನು ಆದೇಶ ಆಗಿ ಏಳು ದಿನ ದಾಟಿದ್ದರೆ ಅದನ್ನೇ ಅರ್ಜಿಯ ಮೊದಲ ಸಾಲಿನಲ್ಲಿ ಬರೆಸಿ.

ಮೇಷ್ಟ್ರೇ, ಎಸ್‌ಡಿಎಂಸಿಯಲ್ಲಿ ಒಪ್ಪಿಸಿದ್ದು ಹೇಗೆ ಅಂತ ವಿವರವಾಗಿ ಬರೆಯಿರಿ, ನನ್ನ ಬಳಿ ಈಗ ಶಾಲೆಗೆ ವಾಪಸ್ ಸೇರಬೇಕಾದ ಒಬ್ಬ ಹುಡುಗ ಇದ್ದಾನೆ.